ಬೊಜ್ಜು ಈಗ ಯಾರ ಮನೆಯ ಮಕ್ಕಳದ್ದು?

ನಾನು ಮೈಸೂರಿನ ಹೊರವಲಯದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಶಾಲೆಗೆ ಬಂದು ಮಕ್ಕಳ ಎತ್ತರ, ತೂಕ ಅಳೆಯುವಾಗ ಆ ಅಂಕಿಗಳನ್ನು ಬರೆದಿಡುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಲೆಲ್ಲ ನಾವು ಗುರುತು ಹಾಕುತ್ತಿದ್ದದ್ದು ತೂಕ ಕಡಿಮೆಯಿದ್ದ ಮಕ್ಕಳ ಹೆಸರಿನ ಮುಂದೆ ಮಾತ್ರ. ರಕ್ತಹೀನತೆ, ಜಂತುಹುಳು, ಕುಂಠಿತ ಬೆಳವಣಿಗೆ, ಇವೇ ನಮ್ಮ ಶಾಲೆಯ ಆರೋಗ್ಯದ ವಿಷಯಗಳಾಗಿದ್ದವು. ಆ ಮಕ್ಕಳು ಈಗಲೂ ಇದ್ದಾರೆ. ಆದರೆ ಅದೇ ತರಗತಿಯಲ್ಲಿ, ಅದೇ ಬೀದಿಯಿಂದ ಬರುವ, ಅಪ್ಪ ಆಟೋ ಓಡಿಸುವ ಅಥವಾ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಮನೆಗಳ ಮಕ್ಕಳಲ್ಲೇ ವಯಸ್ಸಿಗೆ ಮೀರಿದ ತೂಕದವರು ಈಗ ಪ್ರತಿ ವರ್ಷ ಸಿಗುತ್ತಿದ್ದಾರೆ. ಈ ಮಕ್ಕಳ ಬಗ್ಗೆ ನಮ್ಮ ಸಮಾಜದಲ್ಲಿ ಚರ್ಚೆಯೇ ಇಲ್ಲ, ಏಕೆಂದರೆ ಬೊಜ್ಜು ಉಳ್ಳವರ ಮನೆಯ ಸಮಸ್ಯೆ ಎಂದು ನಾವು ಎಂದೋ ತೀರ್ಮಾನಿಸಿಕೊಂಡುಬಿಟ್ಟಿದ್ದೇವೆ.

ಆ ತೀರ್ಮಾನಕ್ಕೆ ಆಧಾರವಿರಲಿಲ್ಲವೆಂದೇನೂ ಅಲ್ಲ. 1989ರಲ್ಲಿ ಜೆಫ್ರಿ ಸೋಬಲ್ ಮತ್ತು ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಬೊಜ್ಜಿಗೂ ಸಾಮಾಜಿಕ, ಆರ್ಥಿಕ ಸ್ಥಾನಮಾನಕ್ಕೂ ಇರುವ ನಂಟಿನ ಕುರಿತ 144 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಡ ದೇಶಗಳಲ್ಲಿ ಆದಾಯ ಹೆಚ್ಚಿದಂತೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರಲ್ಲೂ ಬೊಜ್ಜು ಹೆಚ್ಚುತ್ತಿತ್ತು. ಶ್ರೀಮಂತ ದೇಶಗಳಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಬಡತನ ಹೆಚ್ಚಿದಂತೆ ಬೊಜ್ಜು ಹೆಚ್ಚುತ್ತಿತ್ತು. ಎಂದರೆ ಒಂದು ದೇಶ ಸಿರಿವಂತವಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಈ ನಂಟು ತಿರುವುಮುರುವಾಗುತ್ತದೆ. ಉಳ್ಳವರು ತಮ್ಮ ಮೈಯಿಂದ ಇಳಿಸಿಕೊಂಡ ಭಾರ ಇಲ್ಲದವರ ಮೈಗೆ ಬಂದು ಕೂರುತ್ತದೆ. ಭಾರತ ಈಗ ಆ ತಿರುವಿನಲ್ಲಿದೆ ಎಂಬುದು ನನ್ನ ನಂಬಿಕೆ, ಮತ್ತು ಅದನ್ನು ಗಮನಿಸಿ ಏನಾದರೂ ಮಾಡಲು ನಮಗಿರುವ ಕಾಲಾವಕಾಶ ಬಹಳ ಕಡಿಮೆ.

ಅಂಕಿ ಅಂಶಗಳನ್ನು ಒಮ್ಮೆ ನೋಡಿಬಿಡೋಣ. 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು ಸುಮಾರು 4 ಲಕ್ಷ. 2022ರ ಹೊತ್ತಿಗೆ ಆ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷಕ್ಕೆ ಏರಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದವರ ಪ್ರಮಾಣ 2015-16ರಲ್ಲಿ ಶೇ. 23.3 ಇದ್ದದ್ದು 2019-21ರಲ್ಲಿ ಶೇ. 30.1ಕ್ಕೆ ಏರಿತು; ಗಂಡಸರಲ್ಲಿ ಶೇ. 22.1ರಿಂದ 30.9ಕ್ಕೆ. ಕೇವಲ ನಾಲ್ಕೈದು ವರ್ಷಗಳಲ್ಲಿ ಇಷ್ಟು ಏರಿಕೆ. ಇದೇ ಸಮೀಕ್ಷೆ ಇದೇ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲವೆಂದೂ ಹೇಳಿತು. ಈ ಎರಡು ಸಂಗತಿಗಳನ್ನು ಬೇರೆ ಬೇರೆ ಕರ್ನಾಟಕಗಳ ಕಥೆಯೆಂದು ಓದಿದರೆ ತಪ್ಪಾಗುತ್ತದೆ. ಎಷ್ಟೋ ಬಾರಿ ಇವೆರಡೂ ಒಂದೇ ಮನೆಯ ಕಥೆ: ಅಮ್ಮನಿಗೆ ಅಧಿಕ ತೂಕ, ಚಿಕ್ಕ ಮಗುವಿಗೆ ಕುಂಠಿತ ಬೆಳವಣಿಗೆ, ದೊಡ್ಡ ಮಗಳಿಗೆ ರಕ್ತಹೀನತೆ. ಕೆಲವೊಮ್ಮೆ ಒಂದೇ ಮೈಯಲ್ಲಿ ಬೊಜ್ಜೂ ಇದೆ, ಕಬ್ಬಿಣಾಂಶದ ಕೊರತೆಯೂ ಇದೆ.

ತಿರುವು ಪೂರ್ತಿಯಾದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡನ್ನು ನೋಡಬೇಕು. ಅಲ್ಲಿ 2005-06ರಿಂದ ಸರ್ಕಾರಿ ವ್ಯವಸ್ಥೆಯ ಶಾಲೆಗಳ ಮಕ್ಕಳನ್ನು ಎರಡು ಬಾರಿ, ನಾಲ್ಕೈದು ವರ್ಷಕ್ಕೆ ಶಾಲೆ ಸೇರಿದಾಗ ಒಮ್ಮೆ ಮತ್ತು ಹತ್ತು, ಹನ್ನೊಂದು ವರ್ಷಕ್ಕೆ ಪ್ರಾಥಮಿಕ ಶಾಲೆ ಬಿಡುವಾಗ ಇನ್ನೊಮ್ಮೆ, ಅಳೆಯಲಾಗುತ್ತದೆ. 2022-23ರ ಅಳತೆಯಲ್ಲಿ ಅತ್ಯಂತ ಬಡ ಪ್ರದೇಶಗಳ ಶಾಲೆಗೆ ಸೇರಿದ ಪುಟ್ಟ ಮಕ್ಕಳಲ್ಲಿ ಶೇ. 12.4 ಮಂದಿಗೆ ಬೊಜ್ಜಿತ್ತು. ಅತ್ಯಂತ ಅನುಕೂಲಸ್ಥ ಪ್ರದೇಶಗಳಲ್ಲಿ ಶೇ. 5.8 ಮಂದಿಗೆ. ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳಲ್ಲಿ ಅದೇ ಲೆಕ್ಕ ಶೇ. 30.2 ಮತ್ತು ಶೇ. 13.1. ಬಡ ಮಗುವೂ ಸ್ಥಿತಿವಂತರ ಮಗುವೂ ಒಂದೇ ಬಾಗಿಲಿನಿಂದ ಶಾಲೆಯೊಳಗೆ ಹೋದವೆಂದುಕೊಂಡರೂ, ಆರೇಳು ವರ್ಷಗಳ ನಂತರ ಹೊರಬರುವಾಗ ಇಬ್ಬರ ನಡುವಿನ ಅಂತರ ಇನ್ನಷ್ಟು ಹಿಗ್ಗಿರುತ್ತದೆ. ಇಷ್ಟು ಕ್ರಮಬದ್ಧವಾಗಿ, ವರ್ಷ ವರ್ಷವೂ, ಊರಿನ ಬಡತನದ ಪಟ್ಟಿಯ ಕ್ರಮದಲ್ಲೇ ಮಕ್ಕಳ ತೂಕವೂ ಏರುತ್ತಾ ಹೋಗುವುದಾದರೆ, ಅದನ್ನು ಮಕ್ಕಳ ನಾಲಿಗೆ ಚಪಲ ಅಥವಾ ತಾಯಂದಿರ ಅಸಡ್ಡೆ ಎಂದು ವಿವರಿಸಲು ಸಾಧ್ಯವೇ ಇಲ್ಲ. ಒಂದು ಇಡೀ ಬಡಾವಣೆಯ ಜನರೆಲ್ಲರೂ ಪಕ್ಕದ ಬಡಾವಣೆಯವರಿಗಿಂತ ಎರಡು ಪಟ್ಟು ಅಸಡ್ಡೆಯವರಾಗಿ ಹುಟ್ಟುವುದಿಲ್ಲ.

ನಮ್ಮಲ್ಲಿ ಇನ್ನೂ ಹಾಗಾಗಿಲ್ಲ. ಸಮೀಕ್ಷೆಗಳಲ್ಲಿ ಇಂದಿಗೂ ಅತ್ಯಂತ ಸಿರಿವಂತ ಕುಟುಂಬಗಳಲ್ಲೇ ಅಧಿಕ ತೂಕದವರು ಹೆಚ್ಚು, ಹಳ್ಳಿಗಿಂತ ನಗರದಲ್ಲಿ ಹೆಚ್ಚು, ಸರ್ಕಾರಿ ಶಾಲೆಗಿಂತ ದುಬಾರಿ ಖಾಸಗಿ ಶಾಲೆಯಲ್ಲಿ ಹೆಚ್ಚು. ಆದರೆ ಏರಿಕೆ ಆದಾಯದ ಎಲ್ಲ ಮೆಟ್ಟಿಲುಗಳಲ್ಲೂ ಕಾಣುತ್ತಿದೆ, ಮತ್ತು ಮೇಲಿನ ಮೆಟ್ಟಿಲಿನವರು ತೂಕ ಇಳಿಸುವ ಸಾಧನಗಳನ್ನು ಆಗಲೇ ಹೊಂದಿಸಿಕೊಳ್ಳುತ್ತಿದ್ದಾರೆ. ಅವರ ಮಕ್ಕಳಿಗೆ ಈಜು ತರಗತಿ ಇದೆ, ಬ್ಯಾಡ್ಮಿಂಟನ್ ಕೋಚಿಂಗ್ ಇದೆ, ಸಿರಿಧಾನ್ಯದ ದೋಸೆ ಇದೆ, ಆಹಾರ ತಜ್ಞರ ಭೇಟಿಯಿದೆ. ಒಂದು ಕಾಲಕ್ಕೆ ಬಡವರ ಊಟವೆಂದು ಮೂಗು ಮುರಿಯಲಾಗುತ್ತಿದ್ದ ನವಣೆ, ಸಾಮೆ, ಆರ್ಕಗಳು ಈಗ ಅಕ್ಕಿಗಿಂತ ಎಷ್ಟೋ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತವೆ. ಅವನ್ನು ಬೆಳೆದು ಉಂಡವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಕುಳಿತು ಚಿಪ್ಸ್ ಪ್ಯಾಕೆಟ್ ಬಿಚ್ಚುತ್ತಾರೆ.

ಆ ಪ್ಯಾಕೆಟ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಸಮಸ್ಯೆಯ ಅರ್ಥಶಾಸ್ತ್ರ ಅದರೊಳಗಿದೆ. ಐದು ರೂಪಾಯಿಗೆ ಒಂದು ಸೇಬು ಬರುವುದಿಲ್ಲ, ಒಂದು ಲೋಟ ಹಾಲು ಬರುವುದಿಲ್ಲ, ಈಗ ಮೊಟ್ಟೆಯೂ ಬರುವುದಿಲ್ಲ. ಐದು ರೂಪಾಯಿಗೆ ಬರುವುದು ತಾಳೆ ಎಣ್ಣೆಯಲ್ಲಿ ಕರಿದ, ಉಪ್ಪು ಬೆರೆಸಿದ, ಬಣ್ಣದ ಚೀಲದಲ್ಲಿ ಗಾಳಿ ತುಂಬಿ ಕಟ್ಟಿದ ಹಿಟ್ಟಿನ ತುಣುಕು, ಅಥವಾ ಕ್ರೀಂ ಬಿಸ್ಕತ್ತು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು, ಮತ್ತು ಅದರ ಅಗ್ಗದ ಬೆಲೆಯೇ ಈ ಪ್ಯಾಕೆಟ್ಟುಗಳನ್ನು ಐದು ರೂಪಾಯಿಗೆ ನಿಲ್ಲಿಸಿರುವ ಮುಖ್ಯ ಕಾರಣಗಳಲ್ಲೊಂದು. ಬೆಲೆ ಏರಿದಾಗ ಕಂಪನಿಗಳು ಪ್ಯಾಕೆಟ್ಟಿನ ತೂಕ ಇಳಿಸುತ್ತವೆಯೇ ಹೊರತು ಆ ಐದರ ನಾಣ್ಯದ ಗೆರೆಯನ್ನು ಸುಲಭವಾಗಿ ದಾಟುವುದಿಲ್ಲ, ಏಕೆಂದರೆ ಬಡ ಮಗುವಿನ ಕೈಗೆ ಮನೆಯಿಂದ ಸಿಗುವ ಹಣ ಎಷ್ಟೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಕುಡಿಯುವ ನೀರಿಗೂ ತೊಂದರೆಯಿರುವ ಊರಿನ ಗೂಡಂಗಡಿಯಲ್ಲೂ ಈ ಪ್ಯಾಕೆಟ್ಟುಗಳ ಸರ ತೂಗುತ್ತಿರುತ್ತದೆ.

2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಗ್ರಾಮೀಣ ಕುಟುಂಬಗಳು ತಮ್ಮ ಒಟ್ಟು ವೆಚ್ಚದಲ್ಲಿ ಶೇ. 9.62 ಭಾಗವನ್ನು ಪಾನೀಯ, ತಿಂಡಿ ಮತ್ತು ಸಂಸ್ಕರಿಸಿದ ಆಹಾರಕ್ಕೆ ಖರ್ಚು ಮಾಡುತ್ತಿದ್ದವು. ನಗರದಲ್ಲಿ ಅದು ಶೇ. 10.64. ಧಾನ್ಯಕ್ಕೆ ಗ್ರಾಮೀಣ ಕುಟುಂಬ ಖರ್ಚು ಮಾಡುತ್ತಿದ್ದದ್ದು ಶೇ. 5ಕ್ಕಿಂತ ಕಡಿಮೆ. ಈ ಪಟ್ಟಿಯಲ್ಲಿ ಹೋಟೆಲಿನ ಚಹಾ, ಹೊರಗಿನ ಊಟ ಎಲ್ಲವೂ ಸೇರಿದೆ, ನಿಜ. ಆದರೂ ಹಳ್ಳಿ ಮತ್ತು ನಗರಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದು ಎಂಬುದನ್ನು ಗಮನಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳನ್ನು ಬದಲಿಸಿದಾಗ ಬಿಸ್ಕತ್ತಿನ ತೆರಿಗೆ ಶೇ. 18ರಿಂದ 5ಕ್ಕೆ, ಪ್ಯಾಕೆಟ್ ಕುರುಕಲು ಮತ್ತು ದಿಢೀರ್ ನೂಡಲ್ಸ್‌ನದು ಶೇ. 12ರಿಂದ 5ಕ್ಕೆ ಇಳಿಯಿತು. ಸಕ್ಕರೆ ಬೆರೆಸಿದ ಗ್ಯಾಸ್ ಪಾನೀಯಗಳಿಗೆ ಶೇ. 40ರ ತೆರಿಗೆ ಉಳಿಯಿತು, ಅದು ಒಳ್ಳೆಯದೇ; ಆದರೆ ಮಕ್ಕಳು ನಿಜವಾಗಿ ಹೆಚ್ಚು ಕುಡಿಯುವ, ಗ್ಯಾಸ್ ಇಲ್ಲದ ಹಣ್ಣಿನ ತಿರುಳಿನ ಸಿಹಿ ಪಾನೀಯ ಶೇ. 5ರ ಪಟ್ಟಿಗೆ ಹೋಯಿತು. ತಿಂಗಳ ಕೊನೆಗೆ ಲೆಕ್ಕ ಹಾಕುವ ಮನೆಗಳಿಗೆ ಇದರಿಂದ ಸ್ವಲ್ಪ ಉಳಿತಾಯವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಧಾನಿಯವರು ಬೊಜ್ಜಿನ ವಿರುದ್ಧ ಮಾತನಾಡಿ ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡಿ ಎಂದು ಜನರಿಗೆ ಕರೆ ಕೊಟ್ಟಿದ್ದರು. ಕರೆ ಮನೆಯೊಡತಿಗೆ, ರಿಯಾಯಿತಿ ಕರಿದ ಪ್ಯಾಕೆಟ್ಟಿಗೆ ಎಂಬ ಈ ಹಂಚಿಕೆಯನ್ನು ನಾನು ಒಪ್ಪಲಾರೆ.

ಹಣದಷ್ಟೇ ದೊಡ್ಡ ಬಡತನ ಸಮಯದ್ದು. ನಮ್ಮ ಶಾಲೆಯ ಎಷ್ಟೋ ತಾಯಂದಿರು ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಗೋ ಗಾರ್ಮೆಂಟ್ಸ್‌ಗೋ ಬೆಳಿಗ್ಗೆ ಕಂಪನಿ ಬಸ್ಸು ಹಿಡಿದು ಹೋಗುವವರು. ಐದು ಗಂಟೆಗೆ ಎದ್ದು ಅನ್ನ, ಸಾರು ಮಾಡಿಟ್ಟು ಹೋದವರು ವಾಪಸಾಗುವಾಗ ಸಂಜೆ ಏಳು. ಸಂಜೆ ನಾಲ್ಕೂವರೆಗೆ ಹಸಿದು ಮನೆಗೆ ಬರುವ ಮಗುವಿಗೆ ಆ ಎರಡೂವರೆ ಗಂಟೆಯ ಹೊತ್ತಿನಲ್ಲಿ ಬಿಸಿಯಾಗಿ ಕೈಗೆ ಸಿಗುವುದು ಬೀದಿ ಕೊನೆಯ ಗಾಡಿಯ ಗೋಬಿ ಮಂಚೂರಿ, ಎಗ್ ರೈಸ್ ಮಾತ್ರ. (2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸಬಾರದೆಂದು ನಿಷೇಧ ಹೇರಿತು. ಸರಿಯಾದ ಕ್ರಮ. ಆದರೆ ಬಣ್ಣ ಹೋದರೂ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಹಾಗೇ ಉಳಿಯಿತು.) ಮನೆಯಲ್ಲಿ ಮುದ್ದೆ ಏಕೆ ಮಾಡುವುದಿಲ್ಲ, ಸೊಪ್ಪು ಏಕೆ ಬಿಡಿಸುವುದಿಲ್ಲ ಎಂದು ಇಂಥ ತಾಯಿಯನ್ನು ಕೇಳುವವರು, ಸೊಪ್ಪು ಬಿಡಿಸಲು ಬೇಕಾದ ಮುಕ್ಕಾಲು ಗಂಟೆ ಅವಳ ದಿನದಲ್ಲಿ ಎಲ್ಲಿದೆ ಎಂಬುದನ್ನೂ ತೋರಿಸಬೇಕು.

ಆಡುವ ಜಾಗವೂ ಹೀಗೆಯೇ. ಬಾಡಿಗೆಗೆ ಒಂದು ಕೋಣೆ, ಒಂದು ಅಡುಗೆ ಮೂಲೆ ಇರುವ ಮನೆಯ ಮುಂದಿನ ಬೀದಿಯಲ್ಲಿ ಎರಡು ಸಾಲು ದ್ವಿಚಕ್ರ ವಾಹನ ನಿಂತಿರುತ್ತವೆ. ಬಡಾವಣೆಯ ಪಾರ್ಕಿನಲ್ಲಿ ಚೆಂಡಾಟ ನಿಷೇಧಿಸಲಾಗಿದೆ ಎಂಬ ಫಲಕವಿರುತ್ತದೆ. ಗಂಡು ಮಕ್ಕಳು ಹೇಗೋ ಖಾಲಿ ನಿವೇಶನ ಹುಡುಕಿಕೊಂಡು ಕ್ರಿಕೆಟ್ ಆಡುತ್ತಾರೆ. ಹೆಣ್ಣು ಮಕ್ಕಳದು ಬೇರೆಯೇ ಸಂಗತಿ. ಏಳನೆಯ ತರಗತಿಯವರೆಗೆ ಕೊಕ್ಕೊದಲ್ಲಿ ಮಿಂಚಿನಂತೆ ಓಡುತ್ತಿದ್ದ ಹುಡುಗಿ ಮೈನೆರೆದ ಮೇಲೆ ಸಂಜೆ ಹೊರಗೆ ಕಾಣುವುದಿಲ್ಲ. ತಂಗಿ ತಮ್ಮಂದಿರನ್ನು ನೋಡಿಕೊಳ್ಳುತ್ತಾ, ಮೊಬೈಲ್ ನೋಡುತ್ತಾ ಬಾಗಿಲ ಒಳಗೇ ಉಳಿಯುತ್ತಾಳೆ. ತಾಯಿಗೆ ಅದು ಅನಿವಾರ್ಯ. ಹೊರಗೆ ಬಿಟ್ಟರೆ ಆಗಬಹುದಾದ ಅನಾಹುತಕ್ಕಿಂತ ಮೈ ಬರುವುದು ಅವಳಿಗೆ ಸಣ್ಣ ವಿಷಯ. ಆಟದ ಮೈದಾನಕ್ಕೆ ಹೋಗುವ ದಾರಿ ಸುರಕ್ಷಿತವಾಗಿದೆ ಎಂಬ ಭರವಸೆ ಹಣವಿರುವವರಿಗೆ ಕಾರಿನ ರೂಪದಲ್ಲಿ ಸಿಗುತ್ತದೆ, ಇಲ್ಲದವರಿಗೆ ಸಿಗುವುದಿಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಕಾರಣವೊಂದಿದೆ, ಮತ್ತು ಅದನ್ನು ಜಗತ್ತಿಗೆ ತಿಳಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು ಎಂಬುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲೇ ಇದ್ದ ಹಿರಿಯರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ. 11 ಮಂದಿಗೆ ಇತ್ತು. ಮೂರು ಕಿಲೋ ದಾಟಿ ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಶೇ. 3 ಮಂದಿಗೆ. ತಾಯಿಯ ಹೊಟ್ಟೆಯಲ್ಲಿ ಉಂಡ ಹಸಿವು ದಶಕಗಳ ನಂತರ ಎದೆಯಲ್ಲಿ ಲೆಕ್ಕ ಕೇಳಿತ್ತು.

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಿಂದ ಅಲ್ಲಿನ ಸುತ್ತಲ ಹಳ್ಳಿಗಳ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅನುಸರಿಸಿಕೊಂಡು ಬಂದರು. ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ಪುಣೆಯ ಶಿಶುಗಳಲ್ಲಿ ಕಡಿಮೆಯಿದ್ದದ್ದು ಮುಖ್ಯವಾಗಿ ಸ್ನಾಯು ಮತ್ತು ಒಳ ಅಂಗಗಳ ಬೆಳವಣಿಗೆ; ಬೆನ್ನಿನ ಚರ್ಮದಡಿಯ ಕೊಬ್ಬು ಹೆಚ್ಚೂ ಕಡಿಮೆ ಉಳಿದುಕೊಂಡಿತ್ತು. ನೋಡಲು ಸಣಕಲು, ಒಳಗೆ ಕೊಬ್ಬು ಕೂಡಿಡುವ ಮೈ. ಕೊರತೆಯ ಲೋಕಕ್ಕೆ ಸಿದ್ಧವಾಗಿ ಹುಟ್ಟಿದ ಈ ಮಗುವನ್ನು ಐದು ರೂಪಾಯಿ ಪ್ಯಾಕೆಟ್ಟುಗಳ ಲೋಕಕ್ಕೆ ತಂದು ಬಿಟ್ಟರೆ ಮೈ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತದೆ. ಮೈಸೂರಿನಲ್ಲೇ 1997ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಿಣಿಯಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಿಗೆ, ಅದರಲ್ಲೂ ಹೆಣ್ಣು ಮಕ್ಕಳಿಗೆ, ಐದು ವರ್ಷಕ್ಕೇ ಮೈಯಲ್ಲಿ ಕೊಬ್ಬಿನಂಶ ಹೆಚ್ಚಿದ್ದದ್ದು ಕಂಡುಬಂತು. ಎಂದರೆ ಹಿಂದಿನ ತಲೆಮಾರಿನ ಹಸಿವೂ ಈ ತಲೆಮಾರಿನ ಸಕ್ಕರೆಯೂ ಒಂದೇ ಗರ್ಭದಲ್ಲಿ ಸೇರಿಕೊಳ್ಳುತ್ತಿವೆ. ಅಜ್ಜಿ ಅರೆಹೊಟ್ಟೆ ಉಂಡದ್ದಕ್ಕೂ ಮೊಮ್ಮಗಳ ಸೊಂಟದ ಸುತ್ತಳತೆಗೂ ನಂಟಿದೆ ಎಂದರೆ ನನ್ನ ಸಹೋದ್ಯೋಗಿಗಳೇ ಮೊದಲಿಗೆ ನಂಬುವುದಿಲ್ಲ. ಬಡತನ ಮುಗಿದ ಮೇಲೂ ಅದರ ಬಾಕಿ ಮೈಯಲ್ಲಿ ಉಳಿದಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ವಿಜ್ಞಾನದ ಸಂಗತಿ ನನಗೆ ಗೊತ್ತಿಲ್ಲ.

ಆದ್ದರಿಂದಲೇ ತೂಕದ ಯಂತ್ರವೊಂದನ್ನೇ ನಂಬಿದರೆ ನಮ್ಮ ಮಕ್ಕಳ ಸ್ಥಿತಿ ತಿಳಿಯುವುದಿಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಅಧಿಕ ತೂಕದವರು ನೂರಕ್ಕೆ ಐದು ಮಂದಿ ಮಾತ್ರ, ತೆಳ್ಳಗಿದ್ದವರು 24 ಮಂದಿ. ಇಷ್ಟನ್ನೇ ಓದಿದರೆ ಸಮಸ್ಯೆ ಚಿಕ್ಕದೆನಿಸುತ್ತದೆ. ಆದರೆ ಅದೇ ಸಮೀಕ್ಷೆಯ ರಕ್ತಪರೀಕ್ಷೆಗಳಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 34 ಮಂದಿಗೆ, ಹದಿಹರೆಯದವರಲ್ಲಿ ಶೇ. 16 ಮಂದಿಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿತ್ತು. ಹತ್ತರಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದರು. ದಪ್ಪ ಕಾಣದ ಮಕ್ಕಳಲ್ಲೂ ಬೊಜ್ಜಿನ ಕಾಯಿಲೆಗಳ ಬೇರು ಇಳಿಯುತ್ತಿದೆ ಎಂಬುದು ಇದರ ಅರ್ಥ.

ಕೆಲವು ಹುಡುಗಿಯರ ಕತ್ತಿನ ಹಿಂಭಾಗ, ಕಂಕುಳು ಕಪ್ಪಗೆ, ದಪ್ಪ ಚರ್ಮದಂತೆ ಆಗಿರುವುದನ್ನು ನೋಡಿದ್ದೇನೆ. ಮನೆಯಲ್ಲಿ ಅದನ್ನು ಕೊಳೆಯೆಂದು ತಿಳಿದು ಕಲ್ಲಿನಿಂದ, ನಾರಿನಿಂದ ಉಜ್ಜುತ್ತಾರೆ. ಸ್ನಾನ ಸರಿಯಾಗಿ ಮಾಡುವುದಿಲ್ಲವೆಂದು ಬೈಯುತ್ತಾರೆ. ಅದು ಎಷ್ಟೋ ಬಾರಿ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಕಡಿಮೆಯಾಗಿರುವುದರ ಚಿಹ್ನೆ, ಉಜ್ಜಿದರೆ ಹೋಗುವಂಥದ್ದಲ್ಲ, ರಕ್ತಪರೀಕ್ಷೆ ಮಾಡಿಸಬೇಕಾದದ್ದು. ಹೀಗೆಂದು ಒಬ್ಬ ತಾಯಿಗೆ ಹೇಳಿದಾಗ ಅವರು, "ಮೇಡಂ, ಚಿಕ್ಕವಳಿದ್ದಾಗ ಕಡ್ಡಿ ಹಾಗಿದ್ದಳು, ಈಗ ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಾಳೆ ಅಂತ ನಾವು ಖುಷಿಯಲ್ಲಿದ್ದೆವು. ಅದನ್ನೂ ಕಾಯಿಲೆ ಅಂದರೆ ಹೇಗೆ?" ಎಂದರು. ಆ ಮಾತಿನ ಹಿಂದಿರುವ ಅನುಭವವನ್ನು ಗೌರವಿಸದೆ ಈ ಬಗ್ಗೆ ಯಾರೂ ಒಂದು ಹೆಜ್ಜೆಯನ್ನೂ ಮುಂದಿಡಲಾರರು. ತೆಳ್ಳಗಿನ ಮಗು ಜ್ವರ ಬಂದರೆ ಉಳಿಯುವುದಿಲ್ಲ ಎಂಬ ಭಯದಲ್ಲಿ ತಲೆಮಾರುಗಳನ್ನು ಕಳೆದ ಮನೆಗಳಿಗೆ ಮೈ ತುಂಬಿದ ಮಗು ಗೆಲುವಿನ ಗುರುತು. ಆ ತಾಯಿಗೆ ಸಮಾಧಾನ ಹೇಳಿ, ತಾಲ್ಲೂಕು ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡುವುದು ಏಕೆ ಅಗತ್ಯ ಎಂದು ವಿವರಿಸಬೇಕಾಯಿತು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನಿಗೂ ಇದೇ ತೊಂದರೆಯಿತ್ತು. ಅವನಿಗೆ ವಾರದೊಳಗೆ ಎಲ್ಲ ಪರೀಕ್ಷೆಗಳಾದವು, ತಿಂಗಳೊಳಗೆ ಮನೆಯ ಊಟದ ಕ್ರಮವೇ ಬದಲಾಯಿತು. ಇಬ್ಬರ ತೂಕ ಒಂದೇ ಇರಬಹುದು. ಅದರಿಂದ ಹೊರಬರುವ ದಾರಿ ಒಂದೇ ಅಲ್ಲ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬಂದಾಗ ಅವುಗಳ ತಿಂಗಳ ಖರ್ಚು ಹತ್ತು ಸಾವಿರ ರೂಪಾಯಿಗೂ ಹೆಚ್ಚಿತ್ತು. ಅವು ಸದ್ಯಕ್ಕೆ ದೊಡ್ಡವರ ಔಷಧಿ. ಆದರೆ ಇಳಿಯುವವರು ಯಾರು, ಉಳಿಯುವವರು ಯಾರು ಎಂಬುದು ಆ ಬೆಲೆಯಿಂದಲೇ ತಿಳಿಯುತ್ತದೆ.

ಈಗ ನನಗೆ ಅತಿ ಹೆಚ್ಚು ಆತಂಕ ತರುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ಅವರು ನಮ್ಮ ಶಾಲೆಯವರಲ್ಲ. ನಮ್ಮ ಮಕ್ಕಳಿಗೆ ಕೊರತೆಗಳ ನಡುವೆಯೂ ಅಕ್ಷರ ದಾಸೋಹದ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆ ಬೇಡವೋ ಬೇಕೋ ಎಂಬ ದೊಡ್ಡ ಜಗಳದ ನಂತರ ಮೊಟ್ಟೆ ಬಂದಿದೆ, ತಿನ್ನದವರಿಗೆ ಬಾಳೆಹಣ್ಣು. 2024ರಿಂದ ರಾಗಿ ಮಾಲ್ಟ್ ಬಂದಿದೆ. ಮಧ್ಯಾಹ್ನ ಮೊಟ್ಟೆ ತಿಂದ ಮಗುವಿಗೆ ಸಂಜೆ ನಾಲ್ಕರ ಹಸಿವು ಅಷ್ಟು ತೀವ್ರವಾಗಿರುವುದಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಳೆಯ ಸರ್ಕಾರಿ ಶಾಲೆಗಳಿಗೆ ಬಹುಮಟ್ಟಿಗೆ ಒಂದು ಬಯಲಾದರೂ ಇರುತ್ತದೆ. ಆದರೆ ನಮ್ಮ ಶಾಲೆಯಿಂದ ಸ್ವಲ್ಪ ದೂರದಲ್ಲಿ, ಮೂರು ಅಂತಸ್ತಿನ ವಾಸದ ಮನೆಯಂಥ ಕಟ್ಟಡಗಳಲ್ಲಿ ನಡೆಯುವ, ಕಡಿಮೆ ಶುಲ್ಕದ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿವೆ. ಅಲ್ಲಿಗೆ ಹೋಗುವವರು ಸಿರಿವಂತರ ಮಕ್ಕಳಲ್ಲ; ಚಾಲಕರ, ಸಣ್ಣ ಅಂಗಡಿಯವರ, ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ಮಕ್ಕಳು. ಅನುದಾನರಹಿತ ಶಾಲೆಯಾದ್ದರಿಂದ ಬಿಸಿಯೂಟವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಡಬ್ಬಿಯಲ್ಲಿ ಬೆಳಿಗ್ಗೆ ಆರಕ್ಕೆ ಕಟ್ಟಿದ ಚಿತ್ರಾನ್ನ ಅಥವಾ ಟೊಮೆಟೊ ಬಾತ್, ಜೊತೆಗೆ ಒಂದು ಬಿಸ್ಕತ್ತು ಪ್ಯಾಕೆಟ್. ಮೈದಾನವಿಲ್ಲ, ವ್ಯಾನಿನಲ್ಲಿ ಹೋಗಿ ಬರುವುದು, ನಂತರ ಟ್ಯೂಷನ್. ಶುಲ್ಕ ಕಟ್ಟಿ ಉಳಿದ ಹಣದಲ್ಲಿ ಹಣ್ಣು, ತರಕಾರಿಗೆ ಮನೆಯಲ್ಲಿ ಕಡಿತವಾಗಿರುತ್ತದೆ. ಬಡತನದ ಯೋಜನೆಗಳೂ ತಲುಪದ, ಶ್ರೀಮಂತಿಕೆಯ ಸೌಲಭ್ಯಗಳೂ ಎಟುಕದ ಈ ನಡುವಿನ ಮಕ್ಕಳಲ್ಲೇ ಬೊಜ್ಜಿನ ಮುಂದಿನ ಅಲೆ ಏಳುತ್ತಿದೆ ಎಂಬುದು ನನ್ನ ಅಂದಾಜು. ಸಮೀಕ್ಷೆಗಳು ಶಾಲೆಗಳನ್ನು ಸರ್ಕಾರಿ, ಖಾಸಗಿ ಎಂದು ಎರಡೇ ಭಾಗ ಮಾಡುವುದರಿಂದ, ಈ ಮಕ್ಕಳು ಲಕ್ಷಗಟ್ಟಲೆ ಶುಲ್ಕದ ಶಾಲೆಯ ಮಕ್ಕಳ ಜೊತೆ ಒಂದೇ ಕಲಮಿನಲ್ಲಿ ಸೇರಿ ಕಣ್ಮರೆಯಾಗುತ್ತಾರೆ.

ಕಾನೂನು ಇಲ್ಲವೇ ಎಂದರೆ, ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಅಧಿಕವಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಅದರಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2025ರಲ್ಲಿ ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣ ತೋರಿಸುವ ಫಲಕ ಹಾಕಲು ಹೇಳಿತು. ಇವು ಬೇಕು. ಆದರೆ ಫಲಕ ಓದಿ ಮನೆಯ ಊಟ ಬದಲಿಸಿಕೊಳ್ಳುವ ಅವಕಾಶ ಯಾರಿಗಿದೆಯೋ ಅವರಿಗೇ ಅದರ ಲಾಭ ಹೆಚ್ಚು. ತಿಳಿವಳಿಕೆಯ ಕಾರ್ಯಕ್ರಮಗಳು ಒಂದೊಂದಾಗಿ ಬಂದಂತೆಲ್ಲ ಅಂತರ ಹೆಚ್ಚುವ ಅಪಾಯವಿದೆ.

ಬೆಲೆ ಮತ್ತು ಮಾರಾಟದ ನಿಯಮಗಳ ಪರಿಣಾಮ ಇದಕ್ಕೆ ಬೇರೆ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯದ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದಾಗ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು, ಅತ್ಯಂತ ಬಡ ಕುಟುಂಬಗಳಲ್ಲಿ ಇಳಿಕೆ ಶೇ. 9. ಚಿಲಿ ದೇಶ 2016ರಲ್ಲಿ ಪ್ಯಾಕೆಟ್ಟಿನ ಮುಂಭಾಗದಲ್ಲೇ ಕಪ್ಪು ಅಷ್ಟಕೋನದ ಎಚ್ಚರಿಕೆ ಗುರುತು ಕಡ್ಡಾಯ ಮಾಡಿ, ಅಂಥ ತಿನಿಸುಗಳನ್ನು ಶಾಲೆಗಳಿಂದ ಹೊರಗಿಟ್ಟು, ಮಕ್ಕಳ ಕಡೆಗಿನ ಜಾಹೀರಾತಿಗೆ ತಡೆ ಹಾಕಿದ ಮೇಲೆ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲು ಭಾಗ ಕಡಿಮೆಯಾಯಿತು. ಬ್ರಿಟನ್ 2018ರಲ್ಲಿ ಪಾನೀಯ ತಯಾರಕರ ಮೇಲೆ ಸಕ್ಕರೆಯ ಪ್ರಮಾಣಕ್ಕೆ ತಕ್ಕ ಸುಂಕ ಹಾಕಿದ ನಂತರ, ಪ್ರಾಥಮಿಕ ಶಾಲೆ ಮುಗಿಸುವ ಹೆಣ್ಣು ಮಕ್ಕಳಲ್ಲಿ ಬೊಜ್ಜು, ಸುಂಕವಿಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಶೇ. 8ರಷ್ಟು ಕಡಿಮೆಯಿದ್ದದ್ದು ಕಂಡುಬಂತು, ಮತ್ತು ಇಳಿಕೆ ಹೆಚ್ಚು ಕಂಡದ್ದು ಬಡ ಪ್ರದೇಶಗಳಲ್ಲಿ. ಗಂಡು ಮಕ್ಕಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ತೆರಿಗೆಯೊಂದೇ ಎಲ್ಲವನ್ನೂ ಸರಿಪಡಿಸುವುದಿಲ್ಲ. ಆದರೂ ಇಂಥ ತೆರಿಗೆ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬ ವಾದಕ್ಕೆ ಈ ಅನುಭವಗಳು ತಕ್ಕ ಉತ್ತರವೆಂದು ನನಗನ್ನಿಸುತ್ತದೆ, ಅದರಲ್ಲೂ ಬಂದ ಹಣವನ್ನು ಹಣ್ಣು, ಮೊಟ್ಟೆ, ಬೇಳೆಯ ರೂಪದಲ್ಲಿ ಅದೇ ಮನೆಗಳಿಗೆ ತಿರುಗಿಸುವುದಾದರೆ.

ನಮ್ಮ ರಾಜ್ಯದ ಮಟ್ಟಿಗೆ ನನಗೆ ಕಾಣುವ ಕೆಲಸಗಳು ಅಸಾಧ್ಯವಾದವೇನಲ್ಲ. ಬಿಸಿಯೂಟದ ಅಡುಗೆಮನೆಗಳಿಂದಲೇ ಕಡಿಮೆ ಶುಲ್ಕದ ಶಾಲೆಗಳ ಮಕ್ಕಳಿಗೂ, ಪೋಷಕರು ಸ್ವಲ್ಪ ಹಣ ಕೊಡುವ ಕ್ರಮದಲ್ಲಾದರೂ, ಊಟ ತಲುಪಿಸುವುದನ್ನು ಯೋಚಿಸಬಹುದು. ಸರ್ಕಾರಿ ಶಾಲೆಯ ಬಯಲನ್ನು ಸಂಜೆ ನಾಲ್ಕೂವರೆಯಿಂದ ಆರರವರೆಗೆ ಸುತ್ತಲ ಎಲ್ಲ ಶಾಲೆಗಳ ಹೆಣ್ಣು ಮಕ್ಕಳಿಗಾಗಿ, ಒಬ್ಬ ತರಬೇತುದಾರ್ತಿಯ ಮೇಲ್ವಿಚಾರಣೆಯಲ್ಲಿ, ತೆರೆದಿಡಬಹುದು. ಆರೋಗ್ಯ ತಪಾಸಣೆಯ ತಂಡದವರು ತೂಕ, ಎತ್ತರದ ಜೊತೆ ಸೊಂಟದ ಸುತ್ತಳತೆಯನ್ನೂ ತೆಗೆದು, ಕತ್ತಿನ ಚರ್ಮವನ್ನೂ ಗಮನಿಸಿ, ಅನುಮಾನವಿದ್ದವರ ರಕ್ತವನ್ನು ಶಾಲೆಯಲ್ಲೇ ಪರೀಕ್ಷಿಸಿದರೆ ತಾಯಿಯ ಒಂದು ದಿನದ ಕೂಲಿ ಉಳಿಯುತ್ತದೆ. ಈ ಕೊನೆಯದನ್ನು ನಮ್ಮ ಶಾಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿಟ್ಟು, ಒಪ್ಪಿಗೆಯಾದ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮನವಿ ಬರೆದಿದ್ದೇವೆ. ಇತರ ಶಾಲೆಗಳ ಶಿಕ್ಷಕರು, ಪೋಷಕರು ಯಾರಾದರೂ ಹೀಗೆಯೇ ಬರೆಯುವುದಾದರೆ ನಮ್ಮ ಮನವಿಯ ಪ್ರತಿಯನ್ನು ಕಳುಹಿಸಿಕೊಡುತ್ತೇನೆ.